ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್: ಈ ಡೆಂಗ್ಯೂ ವರದಿಯನ್ನು ಹೇಗೆ ಓದಬೇಕು?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಗೆ (ವಯಸ್ಸು 27) ಸೋಮವಾರ ಬೆಳಿಗ್ಗೆ ಚಳಿಯೊಂದಿಗೆ ಜ್ವರ ಕಾಣಿಸಿಕೊಂಡಿತು. ಕಣ್ಣುಗುಡ್ಡೆಯ ಹಿಂದೆ ನೋವು, ಸೊಂಟ ನೋವು, ವಾಕರಿಕೆ ಇದ್ದವು. ಮಂಗಳವಾರ ಸಂಜೆ ಹತ್ತಿರದ ಲ್ಯಾಬ್‌ನಲ್ಲಿ ಮಾಡಿಸಿದ ಕಾರ್ಡ್ ಟೆಸ್ಟ್‌ನಲ್ಲಿ ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್ ಎಂದು ಬಂದಿದೆ. ಅದೇ ದಿನದ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ಬಿಳಿ ರಕ್ತಕಣ 3,400, ಪ್ಲೇಟ್‌ಲೆಟ್ 1.58 ಲಕ್ಷ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡ ಪಾಲು) 38 ಇತ್ತು. ಇಂದು ಶುಕ್ರವಾರ ಬೆಳಗಿನ ವರದಿಯಲ್ಲಿ ಪ್ಲೇಟ್‌ಲೆಟ್ 82,000ಕ್ಕೆ ಇಳಿದಿದೆ, ಪಿಸಿವಿ 42 ಆಗಿದೆ, ಯಕೃತ್ತಿನ ಕಿಣ್ವಗಳಾದ ಎಸ್‌ಜಿಒಟಿ 140, ಎಸ್‌ಜಿಪಿಟಿ 95 ಇದೆ. ಗಾಬರಿಯಿಂದ ಮಧ್ಯಾಹ್ನ ಬೇರೊಂದು ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿದಾಗ ಪ್ಲೇಟ್‌ಲೆಟ್ 1.04 ಲಕ್ಷ ಎಂದು ಬಂತು.

ನಿನ್ನೆ ರಾತ್ರಿಯಿಂದ ಜ್ವರವಿಲ್ಲ. ಅಮ್ಮ ಈಗಾಗಲೇ ದೇವರಿಗೆ ತುಪ್ಪದ ದೀಪ ಹಚ್ಚಿ, ಗಂಡಾಂತರ ಕಳೆಯಿತು ಎಂದು ನಿಟ್ಟುಸಿರು ಬಿಟ್ಟಿದ್ದಾರೆ. ನನಗೆ ಮಾತ್ರ ಈ ವರದಿಯ ತಲೆಬುಡ ತಿಳಿಯುತ್ತಿಲ್ಲ. ಒಂದು ಪರೀಕ್ಷೆ ಡೆಂಗ್ಯೂ ಇದೆ ಎಂದು, ಇನ್ನೊಂದು ಇಲ್ಲ ಎಂದು, ಮೂರನೆಯದು ಹಳೆಯ ಸೋಂಕು ಎಂದು ಹೇಳುತ್ತಿರುವಂತೆ ಕಾಣುತ್ತದೆ. ಅವಳಿಗೆ ಈ ಹಿಂದೆ ಡೆಂಗ್ಯೂ ಬಂದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ. ಎರಡು ಲ್ಯಾಬ್‌ಗಳ ಪ್ಲೇಟ್‌ಲೆಟ್ ಸಂಖ್ಯೆಯಲ್ಲಿ ಯಾವುದನ್ನು ನಂಬಬೇಕು ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಎಲೈಸಾ ಮೇಜು

ನಾನು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ವೈದ್ಯನಲ್ಲ. ಆದ್ದರಿಂದ ವರದಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಡೆಂಗ್ಯೂ ವರದಿಯ ಯಾವ ಸಾಲನ್ನೂ ಅದು ಜ್ವರದ ಎಷ್ಟನೆಯ ದಿನದ ರಕ್ತ ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳದೆ ಓದಲು ಆಗುವುದಿಲ್ಲ. ನಿಮ್ಮ ತಂಗಿಯ ವಿಷಯದಲ್ಲಿ ಸೋಮವಾರ ಮೊದಲ ದಿನ, ಮಂಗಳವಾರದ ರಕ್ತ ಎರಡನೆಯ ದಿನದ್ದು. ಎನ್‌ಎಸ್‌1 ಎಂಬುದು ವೈರಸ್ ನಮ್ಮ ಜೀವಕೋಶದೊಳಗೆ ವೃದ್ಧಿಯಾಗುವಾಗ ರಕ್ತಕ್ಕೆ ಸೇರುವ ಅದರದೇ ಪ್ರೋಟೀನ್. ಅದು ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ, ಐದಾರು ದಿನಗಳ ನಂತರ ಕಡಿಮೆಯಾಗುತ್ತ ಹೋಗುತ್ತದೆ. ಐಜಿಎಂ ನಮ್ಮ ದೇಹ ತಯಾರಿಸುವ ಪ್ರತಿಕಾಯ. ಅದು ಸಾಮಾನ್ಯವಾಗಿ ನಾಲ್ಕನೆಯ ಅಥವಾ ಐದನೆಯ ದಿನದ ನಂತರವೇ ಪರೀಕ್ಷೆಗೆ ಸಿಗುವಷ್ಟು ಪ್ರಮಾಣಕ್ಕೆ ಬರುತ್ತದೆ. ಹಾಗಿರುವಾಗ ಎರಡನೆಯ ದಿನ ಎನ್‌ಎಸ್‌1 ಪಾಸಿಟಿವ್ ಆಗಿ ಐಜಿಎಂ ನೆಗೆಟಿವ್ ಆಗಿರುವುದರಲ್ಲಿ ವಿರೋಧವೇನೂ ಇಲ್ಲ. ಆ ದಿನಕ್ಕೆ ನಿರೀಕ್ಷಿಸಬೇಕಾದ ಫಲಿತಾಂಶವೇ ಅದು.

ನಾನು ಗಮನ ಕೊಡುವುದು ಮೂರನೆಯ ಸಾಲಾದ ಐಜಿಜಿಗೆ, ಅಂದರೆ ಹೆಚ್ಚು ಕಾಲ ಉಳಿಯುವ ಇನ್ನೊಂದು ಬಗೆಯ ಪ್ರತಿಕಾಯಕ್ಕೆ. ಮೊದಲ ಬಾರಿ ಡೆಂಗ್ಯೂ ಬಂದವರಲ್ಲಿ ಐಜಿಜಿ ಮೊದಲ ವಾರದ ಕೊನೆಗೆ ಅಲ್ಪ ಪ್ರಮಾಣದಲ್ಲಿ ತಲೆದೋರುತ್ತದೆ. ಎರಡನೆಯ ದಿನವೇ ಅದು ಇದೆ ಎಂದಾದರೆ ಈ ಜ್ವರಕ್ಕಿಂತ ಮೊದಲೇ ಅವರ ದೇಹ ಡೆಂಗ್ಯೂವನ್ನೋ ಅದರ ಹತ್ತಿರದ ಬಂಧುವಾದ ವೈರಸ್ಸನ್ನೋ ಎದುರಿಸಿದೆ ಎಂದು ಅರ್ಥ. ನೆನಪಿಲ್ಲ ಎಂಬುದು ಇದಕ್ಕೆ ಅಡ್ಡಿಯಲ್ಲ, ಏಕೆಂದರೆ ಡೆಂಗ್ಯೂ ಸೋಂಕು ಎಷ್ಟೋ ಮಂದಿಯಲ್ಲಿ ಲಕ್ಷಣವೇ ಇಲ್ಲದೆ ಅಥವಾ ಎರಡು ದಿನದ ಸಾಧಾರಣ ಜ್ವರವಾಗಿ ಕಳೆದುಹೋಗಿರುತ್ತದೆ. ಅಂದರೆ ಎನ್‌ಎಸ್‌1 ಹೇಳುವುದು ಈಗಿನ ಸೋಂಕನ್ನು. ಐಜಿಜಿ ಹೇಳುವುದು ಇದು ಪ್ರಾಯಶಃ ಎರಡನೆಯ ಸೋಂಕು ಎಂಬುದನ್ನು. ಇಂತಹ ಎರಡನೆಯ ಸೋಂಕಿನಲ್ಲಿ ಐಜಿಎಂ ಬಹಳ ಕ್ಷೀಣವಾಗಿರಬಹುದು ಅಥವಾ ಕಾಣಿಸದೆಯೂ ಇರಬಹುದು. ಹಳೆಯ ಪ್ರತಿಕಾಯಗಳು ಎನ್‌ಎಸ್‌1 ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಕೂಡ ಬೇಗ ನೆಗೆಟಿವ್ ಆಗಬಹುದು. ಹಾಗಾಗಿ ಈಗ ಮತ್ತೊಮ್ಮೆ ಎನ್‌ಎಸ್‌1 ಮಾಡಿಸಿ, ನೆಗೆಟಿವ್ ಬಂದರೆ ಗುಣವಾಯಿತು ಎಂದು ತಿಳಿಯುವುದು ಹಣದ ಪೋಲು ಮಾತ್ರವಲ್ಲ, ದಾರಿ ತಪ್ಪಿಸುವ ಕೆಲಸ.

ಕಾರ್ಡ್ ಟೆಸ್ಟ್ ಬೇಗ ಉತ್ತರ ಕೊಡುತ್ತದೆ, ಆದರೆ ಮಸುಕಾದ ಗೆರೆಯನ್ನು ಒಬ್ಬರು ಇದೆ ಎಂದೂ ಇನ್ನೊಬ್ಬರು ಇಲ್ಲ ಎಂದೂ ಓದುವ ಸಾಧ್ಯತೆ ಇರುತ್ತದೆ. ಸರ್ಕಾರಿ ಲೆಕ್ಕದಲ್ಲಿ ದೃಢಪಟ್ಟ ಪ್ರಕರಣ ಎನ್ನಿಸಿಕೊಳ್ಳಲು ಐದು ದಿನದೊಳಗಿನ ಜ್ವರಕ್ಕೆ ಎನ್‌ಎಸ್‌1 ಎಲೈಸಾ (ಪ್ರಯೋಗಾಲಯದಲ್ಲಿ ಯಂತ್ರದಿಂದ ಅಳೆಯುವ ಪರೀಕ್ಷೆ), ಆನಂತರಕ್ಕೆ ಐಜಿಎಂ ಎಲೈಸಾ ಆಗಬೇಕು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೂ ಈ ಎರಡು ಎಲೈಸಾಗಳಿಗೆ ತಲಾ 300 ರೂಪಾಯಿ, ಕಾರ್ಡ್ ಟೆಸ್ಟ್‌ಗೆ 250 ರೂಪಾಯಿ ಎಂದು ಗರಿಷ್ಠ ದರ ಗೊತ್ತುಪಡಿಸಿತ್ತು. ಎಲೈಸಾ ವರದಿಯಲ್ಲಿ ಬರುವ ಸೂಚ್ಯಂಕ 3 ಇದ್ದರೂ 12 ಇದ್ದರೂ ಕಾಯಿಲೆಯ ತೀವ್ರತೆಗೂ ಅದಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನೂ ಸೇರಿಸುತ್ತೇನೆ, ಏಕೆಂದರೆ ಕೌಂಟರಿನಲ್ಲಿ ಜನ ಹೆಚ್ಚು ಹೆದರುವುದು ಆ ಸಂಖ್ಯೆಯನ್ನು ನೋಡಿ.

ಎರಡು ಲ್ಯಾಬ್‌ಗಳ 82,000 ಮತ್ತು 1.04 ಲಕ್ಷದ ನಡುವಣ ಅಂತರವನ್ನು ಏರಿಕೆ ಎಂದು ಓದಬೇಡಿ. ಯಂತ್ರಗಳು ಬೇರೆ, ರಕ್ತ ತೆಗೆದ ರೀತಿ ಬೇರೆ. ನಳಿಕೆಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದರೆ ಯಂತ್ರ ಅವನ್ನು ಕಡಿಮೆ ಎಣಿಸುತ್ತದೆ. ಸಂಶಯವಿದ್ದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಕೇಳಿ. ಮುಂದಿನ ಪರೀಕ್ಷೆಗಳೆಲ್ಲ ಒಂದೇ ಲ್ಯಾಬ್‌ನಲ್ಲಿ ಆಗಲಿ.

ತಾಲ್ಲೂಕು ವೈದ್ಯೆ

ಮೇಲಿನ ವಿವರಣೆ ಸರಿಯಾಗಿದೆ. ನಾನು ಹೇಳಬೇಕಾದದ್ದು ಅದಕ್ಕಿಂತ ತುರ್ತಿನದು: ಜ್ವರ ಬಿಟ್ಟಿದೆ ಎಂಬ ಕಾರಣಕ್ಕೆ ನಿಶ್ಚಿಂತರಾಗಬೇಡಿ, ಇಂದು ರಾತ್ರಿಯೇ ನಿಮ್ಮ ತಂಗಿಯವರನ್ನು ವೈದ್ಯರಿಗೆ ತೋರಿಸಿ.

ಬೇರೆ ಜ್ವರಗಳಲ್ಲಿ ಮೈ ತಣ್ಣಗಾಯಿತು ಎಂದರೆ ಚೇತರಿಕೆ ಶುರುವಾಯಿತು ಎಂದು ಅರ್ಥ. ಡೆಂಗ್ಯೂವಿನಲ್ಲಿ ಅಪಾಯದ ಅವಧಿ ಆರಂಭವಾಗುವುದು ಬಹುಮಟ್ಟಿಗೆ ಆಗಲೇ, ಅಂದರೆ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೆ. ಅದು 24ರಿಂದ 48 ಗಂಟೆ ಇರುತ್ತದೆ. ಆ ಸಮಯದಲ್ಲಿ ಕೆಲವರಲ್ಲಿ ಸಣ್ಣ ರಕ್ತನಾಳಗಳಿಂದ ರಕ್ತದ ದ್ರವಭಾಗ ಹೊರಗೆ ಸೋರಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ದ್ರವ ಸೋರಿದಂತೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಅದನ್ನು ತೋರಿಸುವ ಸಂಖ್ಯೆಯೇ ಪಿಸಿವಿ. ಡೆಂಗ್ಯೂ ರೋಗಿಯ ಮನೆಯವರು ಪ್ಲೇಟ್‌ಲೆಟ್ ಎಷ್ಟು ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಪಿಸಿವಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ನನ್ನ ವಾರ್ಡಿನಲ್ಲಿ ನಾನು ಮೊದಲು ನೋಡುವುದು ಅದನ್ನೇ.

ನಿಮ್ಮ ತಂಗಿಯವರ ಪಿಸಿವಿ 38ರಿಂದ 42ಕ್ಕೆ ಏರಿದೆ, ಅಂದರೆ ಶೇಕಡ 10ರಷ್ಟು. ಮೂಲದಿಂದ ಶೇಕಡ 20 ಏರಿದರೆ ಗಣನೀಯ ಸೋರಿಕೆ ಎಂದು ಪರಿಗಣಿಸುತ್ತೇವೆ. ಅವರ ಮಟ್ಟಿಗೆ ಅದು 45-46. ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಆದರೆ ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಪಿಸಿವಿ ಏರುತ್ತಿರುವ ದಿಕ್ಕು ನನಗೆ ಹಿಡಿಸುತ್ತಿಲ್ಲ. ಜೊತೆಗೆ ಐಜಿಜಿ ಸಾಲು ಇದೆ. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ಬಂದ ಪ್ರತಿಕಾಯ ಇನ್ನೊಂದು ಬಗೆಯನ್ನು ತಡೆಯಲಾರದೆ, ಕೆಲವೊಮ್ಮೆ ಅದು ಜೀವಕೋಶದೊಳಗೆ ನುಗ್ಗಲು ನೆರವಾಗಿಬಿಡುತ್ತದೆ. ಎರಡನೆಯ ಸೋಂಕಿನಲ್ಲಿ ತೀವ್ರ ಡೆಂಗ್ಯೂ ಹೆಚ್ಚಲು ಇದೊಂದು ಮುಖ್ಯ ಕಾರಣ. ಎರಡನೆಯ ಸೋಂಕಾದವರಲ್ಲೂ ಬಹುಪಾಲು ಜನ ತೊಂದರೆಯಿಲ್ಲದೆ ಗುಣವಾಗುತ್ತಾರೆ, ಆದರೂ ನಿಗಾ ಸಡಿಲಿಸುವಂತಿಲ್ಲ. ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಇಷ್ಟು ಏರುವುದು ಡೆಂಗ್ಯೂವಿನಲ್ಲಿ ಸಾಮಾನ್ಯ, ಅದರ ಬಗ್ಗೆ ಈಗ ಚಿಂತೆ ಬೇಡ.

ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗುವುದು, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಸೇರಿಸಿ. ರಕ್ತದೊತ್ತಡ ನೋಡಿಸಿದಾಗ ಮೇಲಿನ ಸಂಖ್ಯೆಗೂ ಕೆಳಗಿನದಕ್ಕೂ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಉದಾಹರಣೆಗೆ 110/90 ಇದ್ದರೆ, ಮೇಲಿನ ಸಂಖ್ಯೆ ಸಹಜವಾಗಿ ಕಂಡರೂ ಅದು ಆಘಾತದ (ಶಾಕ್, ಅಂದರೆ ರಕ್ತ ಸಂಚಾರ ಕುಸಿಯುವುದರ) ಸೂಚನೆ. ಓಆರ್‌ಎಸ್, ಎಳನೀರು, ಗಂಜಿ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ನೋವಿಗೆ ಪ್ಯಾರಸಿಟಮಾಲ್ ಹೊರತು ಬೇರೇನೂ ಬೇಡ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಕೆಂಗೇರಿ ನಿವಾಸಿ

ವೈದ್ಯರ ಮಾತಿಗೆ ಎದುರಾಡುತ್ತಿಲ್ಲ, ಆದರೆ 82,000 ಎಂದರೆ ನಾಳೆ 40,000 ಆಗಬಹುದು. ಆಗ ರಕ್ತನಿಧಿಯಲ್ಲಿ ಸಿಗದೆ ಪರದಾಡುವುದಕ್ಕಿಂತ ಈಗಲೇ ದಾನಿಗಳನ್ನು ಗೊತ್ತುಮಾಡಿ ಎರಡು ಯೂನಿಟ್ ಪ್ಲೇಟ್‌ಲೆಟ್ ಹಾಕಿಸುವುದು ಜಾಣತನವಲ್ಲವೇ? ನಮ್ಮ ಬಡಾವಣೆಯಲ್ಲಿ ಹೋದ ಮಳೆಗಾಲದಲ್ಲಿ ಹಲವರಿಗೆ ಹಾಗೆಯೇ ಮಾಡಿದರು, ಎಲ್ಲರೂ ಗುಣವಾದರು. ಪಪ್ಪಾಯಿ ಎಲೆಯ ರಸವನ್ನೂ ಕೊಟ್ಟಿದ್ದರು.

ತಾಲ್ಲೂಕು ವೈದ್ಯೆ

ಅವರು ಗುಣವಾದದ್ದು ನಿಜ. ಪ್ಲೇಟ್‌ಲೆಟ್ ಹಾಕಿದ್ದರಿಂದ ಎಂಬುದಕ್ಕೆ ಆಧಾರವಿಲ್ಲ. ಅಪಾಯದ ಅವಧಿ ಕಳೆದ ಮೇಲೆ ಸಂಖ್ಯೆ ತಾನಾಗಿಯೇ ಏರುತ್ತದೆ, ಆ ಹೊತ್ತಿಗೆ ಕೊಟ್ಟ ಯಾವುದಕ್ಕೂ ಕೀರ್ತಿ ಸಲ್ಲುತ್ತದೆ. ಪಪ್ಪಾಯಿ ಎಲೆಯ ರಸಕ್ಕೂ ಇದೇ ಮಾತು. ವಾಂತಿಯಾಗುತ್ತಿರುವವರಿಗೆ ಆ ಕಹಿ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದನ್ನು ನಾನು ಒಪ್ಪಲಾರೆ.

ರಕ್ತಸ್ರಾವವಿಲ್ಲದ ಡೆಂಗ್ಯೂ ರೋಗಿಗೆ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿಯುವವರೆಗೆ ಮುನ್ನೆಚ್ಚರಿಕೆಯಾಗಿ ಅದನ್ನು ಹಾಕಬೇಕಿಲ್ಲ ಎಂಬುದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 20,000 ಅಥವಾ ಅದಕ್ಕೂ ಕಡಿಮೆ ಇದ್ದ ವಯಸ್ಕರಿಗೆ ಹೀಗೆ ಹಾಕಿದರೂ ರಕ್ತಸ್ರಾವ ಕಡಿಮೆಯಾಗಲಿಲ್ಲ, ಬದಲಿಗೆ ಹಾಕಿಸಿಕೊಂಡವರಲ್ಲಿ ಅಡ್ಡಪರಿಣಾಮಗಳು ಹೆಚ್ಚಿದ್ದವು. ರೋಗಿಯ ಸ್ವಂತ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿರುವ ಪ್ರಕ್ರಿಯೆ ಹೊರಗಿನಿಂದ ಬಂದವನ್ನು ಬಿಡುವುದಿಲ್ಲ. ಮೇಲಾಗಿ ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಐದೇ ದಿನ ಇರುವ ವಸ್ತು. 80,000 ಇರುವವರಿಗೆ ಅದನ್ನು ಸುರಿದರೆ ನಿಜವಾಗಿ ರಕ್ತ ಸುರಿಯುತ್ತಿರುವವರಿಗೆ ಇಲ್ಲವಾಗುತ್ತದೆ. ದಾನಿಗಳ ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಅದರಲ್ಲಿ ತಪ್ಪಿಲ್ಲ.

ಸೊರಬದವರು

ಮಲೆನಾಡಿನ ಓದುಗರಿಗಾಗಿ ಒಂದು ಮಾತು. ಮೇಲೆ ಹತ್ತಿರದ ಬಂಧು ವೈರಸ್ ಎಂದಿದ್ದಾರಲ್ಲ, ಅದರಲ್ಲಿ ನಮ್ಮ ಮಂಗನ ಕಾಯಿಲೆಯೂ ಸೇರುತ್ತದೆ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಹರಡುವುದು ಉಣ್ಣೆಗಳಿಂದಾದರೂ ಡೆಂಗ್ಯೂವಿನ ಕುಟುಂಬಕ್ಕೇ ಸೇರಿದ್ದು. ಇದರಲ್ಲೂ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಹಾಗಾಗಿ ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಕಾಡಿಗೆ ದರಗು, ಸೌದೆಗೆ ಹೋಗಿಬಂದವರಿಗೆ ಜ್ವರ ಬಂದು, ಎನ್‌ಎಸ್‌1 ನೆಗೆಟಿವ್ ಇದ್ದು, ಡೆಂಗ್ಯೂ ಐಜಿಎಂ ಮಾತ್ರ ಮಸುಕಾಗಿ ಪಾಸಿಟಿವ್ ಬಂದರೆ ಅಲ್ಲಿಗೇ ನಿಲ್ಲಿಸದೆ ಮಂಗನ ಕಾಯಿಲೆಯ ಪಿಸಿಆರ್ ಪರೀಕ್ಷೆಗೆ ರಕ್ತ ಕಳುಹಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಮಕ್ಕಳಿಗೆ ಕೊಡುವ ಜಪಾನೀಸ್ ಮಿದುಳುಜ್ವರದ ಲಸಿಕೆಯಿಂದಲೂ ಡೆಂಗ್ಯೂ ಐಜಿಜಿ ಗೊಂದಲವಾಗಬಹುದು ಎಂದು ಕೇಳಿದ್ದೇನೆ, ಪ್ರಯೋಗಾಲಯದವರು ತಿಳಿಸಲಿ.

ಎಲೈಸಾ ಮೇಜು

ಆಗಬಹುದು. ಪ್ರತಿಕಾಯ ಹುಡುಕುವ ಪರೀಕ್ಷೆಗಳಿಗೆಲ್ಲ ಈ ಮಿತಿ ಇದೆ. ಎನ್‌ಎಸ್‌1 ಪಾಸಿಟಿವ್ ಇರುವಲ್ಲಿ ಈ ಗೊಂದಲ ಬಹಳ ಕಡಿಮೆ, ಆದ್ದರಿಂದ ಬೆಣ್ಣೆನಗರಿಯವರ ತಂಗಿಗೆ ಆಗಿರುವುದು ಡೆಂಗ್ಯೂ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬೆಣ್ಣೆನಗರಿ

ಎಲ್ಲರಿಗೂ ಕೃತಜ್ಞತೆಗಳು. ಶುಕ್ರವಾರ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ಶನಿವಾರ ಬೆಳಿಗ್ಗೆ ಪಿಸಿವಿ 44, ಪ್ಲೇಟ್‌ಲೆಟ್ 46,000 ಆಗಿತ್ತು. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಸ್ವಲ್ಪ ನೀರು ಕಂಡುಬಂತು. ಗ್ಲೂಕೋಸ್ ಬಾಟಲಿ ಹಾಕುತ್ತಿದ್ದಾರೆ ಎಂದು ನಾವು ಅಂದುಕೊಂಡದ್ದು ವಾಸ್ತವವಾಗಿ ಸಲೈನ್ ಎಂದೂ, ಅದನ್ನು ಪಿಸಿವಿ ನೋಡಿಕೊಂಡೇ ಹೆಚ್ಚು ಕಡಿಮೆ ಮಾಡುತ್ತಾರೆಂದೂ ಅಲ್ಲಿಯ ವೈದ್ಯರು ತಿಳಿಸಿದರು. ಪ್ಲೇಟ್‌ಲೆಟ್ ಹಾಕಲಿಲ್ಲ. ಇಂದು ಸೋಮವಾರ ಪಿಸಿವಿ 39, ಪ್ಲೇಟ್‌ಲೆಟ್ 71,000. ಊಟ ಸೇರುತ್ತಿದೆ, ಅಂಗೈಯಲ್ಲಿ ವಿಪರೀತ ತುರಿಕೆ ಇದೆ. ಮನೆಗೆ ಹೋದ ಮೇಲೆ ಈ ಪ್ರತಿಕಾಯಗಳು ನೆಗೆಟಿವ್ ಆಗುವವರೆಗೆ ಪರೀಕ್ಷೆ ಮಾಡಿಸುತ್ತಿರಬೇಕೇ? ಎರಡು ಸಲ ಬಂದದ್ದರಿಂದ ಇನ್ನು ಮುಂದೆ ಬರುವುದಿಲ್ಲ ಎಂದು ತಿಳಿಯಬಹುದೇ?

ತಾಲ್ಲೂಕು ವೈದ್ಯೆ

ಪಿಸಿವಿ ಮೂಲಕ್ಕೆ ಮರಳಿ, ಹಸಿವಾಗಿ, ತುರಿಕೆ ಶುರುವಾಗಿದೆ ಎಂದರೆ ಸೋರಿದ ದ್ರವ ರಕ್ತನಾಳಕ್ಕೆ ವಾಪಸಾಗುತ್ತಿದೆ. ಈ ಹಂತದಲ್ಲಿ ಅನಗತ್ಯವಾಗಿ ಸಲೈನ್ ಮುಂದುವರಿಸಿದರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ, ಆದ್ದರಿಂದ ಅವರು ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರಿ ಎಂದು ಜಗಳವಾಡಬೇಡಿ.

ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಹುದು, ಐಜಿಜಿ ವರ್ಷಗಟ್ಟಲೆ ಇರುತ್ತದೆ. ಅವುಗಳ ಬೆನ್ನು ಹತ್ತುವುದರಿಂದ ಪ್ರಯೋಜನವಿಲ್ಲ. ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿದ್ದನ್ನು ಒಮ್ಮೆ ನೋಡಿದರೆ ಸಾಕು. ಆದರೆ ಮುಂದಿನ ಎರಡು ಮೂರು ತಿಂಗಳೊಳಗೆ ಅವರಿಗೆ ಬೇರೆ ಯಾವುದಾದರೂ ಜ್ವರ ಬಂದು ಅಲ್ಲಿ ಐಜಿಎಂ ಪಾಸಿಟಿವ್ ಎಂದರೆ, ಇದೇ ಸೋಂಕಿನ ಉಳಿಕೆ ಇರಬಹುದೆಂದು ಆ ವೈದ್ಯರಿಗೆ ತಿಳಿಸಬೇಕಾಗುತ್ತದೆ, ಹಾಗಾಗಿ ಈ ವರದಿಗಳನ್ನು ಎಸೆಯಬೇಡಿ. ಈಗ ಬಂದ ಬಗೆ ಮತ್ತೆ ಬರುವುದು ತೀರಾ ಅಪರೂಪ. ಮೂರನೆಯ, ನಾಲ್ಕನೆಯ ಸೋಂಕುಗಳು ಸಾಧ್ಯವಾದರೂ ಎರಡನೆಯದರಷ್ಟು ತೀವ್ರವಾಗುವುದು ಕಡಿಮೆ. ಅವರ ಜೊತೆ ಒಂದೇ ಮನೆಯಲ್ಲಿದ್ದವರಿಗೆ ಎರಡು ವಾರದೊಳಗೆ ಜ್ವರ ಬಂದರೆ ಮೊದಲ ದಿನವೇ ಎನ್‌ಎಸ್‌1 ಜೊತೆಗೆ ಒಂದು ಸಿಬಿಸಿಯನ್ನೂ ಮಾಡಿಸಿ. ಆ ದಿನದ ಪಿಸಿವಿ ಕೈಯಲ್ಲಿದ್ದರೆ ಐದನೆಯ ದಿನದ ಸಂಖ್ಯೆಯನ್ನು ಹೋಲಿಸಿ ನೋಡಲು ಸಾಧ್ಯವಾಗುತ್ತದೆ.