ಸಹಾಯ ಬೇಕು: ಬಂಗಾರದ ಉಪ್ಪು ಹಾಕಿದ್ರ ಎಮಲ್ಷನ್ ಫಾಗ್ ಆಗ್ಲಿಕತ್ತದ

ನಮಸ್ಕಾರ್ರಿ. ಕಲಬುರಗಿಯಾಗ ಫೋಟೋ ತೆಗೆಯೋ ಗಾಜಿನ ಡ್ರೈ ಪ್ಲೇಟ್‌ಗೆ ಬಳಿಯೋ ಎಮಲ್ಷನ್ (ಬೆಳಕಿಗೆ ಸ್ಪಂದಿಸೋ ಬೆಳ್ಳಿ ಉಪ್ಪು ಕೂಡಿದ ಜೆಲಾಟಿನ್) ನಾನೇ ಮಾಡ್ಲಿಕತ್ತೀನಿ. ಕೋಟೆಯೊಳಗಿನ ಜಾಮಿ ಮಸೀದಿ ಕಮಾನುಗಳ ಫೋಟೋ ತೆಗೀಬೇಕು. ಪೂರಾ ಛಾವಣಿ ಇರೋ ಕಟ್ಟಡ, ಒಳಗ ಬೆಳಕು ಕಮ್ಮಿ. ಅದಕ್ಕ ಸ್ಪೀಡ್ (ಪ್ಲೇಟು ಬೆಳಕು ಹಿಡಿಯೋ ಶಕ್ತಿ) ಹೆಚ್ಚಾಗ್ಲೇಬೇಕು.

10 ಗ್ರಾಂ ಸಿಲ್ವರ್ ನೈಟ್ರೇಟಿನ ಬ್ರೋಮೈಡ್ ಎಮಲ್ಷನ್, ಸ್ವಲ್ಪ ಅಯೋಡೈಡ್ ಅದ. ತೊಳೆದ ಮ್ಯಾಲೆ 0.01% ಹೈಪೋ (ಗಂಧಕ ಕೊಡೋ ಉಪ್ಪು, ಸೋಡಿಯಂ ಥಯೋಸಲ್ಫೇಟ್) 4 ಮಿ.ಲೀ. ಹಾಕಿ 55 ಡಿಗ್ರಿಯಾಗ ಒಂದು ತಾಸು ಇಟ್ರ ಛಲೋ ಬರ್ತದ, ನೆರಳು ಸ್ವಚ್ಛ. ಜೆಲಾಟಿನ್‌ದಾಗಿನ ಗಂಧಕದ ಅಂಶನೇ ಸ್ಪೀಡ್ ಕೊಡ್ತದಂತ ಕೊಡಾಕ್ ಕಂಪನಿಯ ವಿಜ್ಞಾನಿ ಶೆಪರ್ಡ್ 1925ರಾಗ ತೋರಿಸಿದ್ದು ಓದೀನಿ, ಆ ಭಾಗ ಅರ್ಥ ಆಗ್ಯದ.

ತೊಡಕು ಬಂಗಾರದ್ದು. 0.01% ಗೋಲ್ಡ್ ಕ್ಲೋರೈಡ್ 2 ಮಿ.ಲೀ.ಗೆ ಅಮೋನಿಯಂ ಥಯೋಸಯನೇಟ್ ಕೂಡಿಸಿ ಹೈಪೋ ಜೊತೀಗೇ ಹಾಕಿದ್ರ ಸ್ಪೀಡ್ ಏರ್ತದ ಖರೆ, ಆದ್ರ ಬೆಳಕೇ ಬೀಳದ ಪ್ಲೇಟೂ ಡೆವಲಪರ್‌ದಾಗ (ಚಿತ್ರ ಮೂಡಿಸೋ ದ್ರಾವಣ) ಬೂದಿ ಬಣ್ಣ ಆಗ್ತದ, ಇದೇ ಫಾಗ್. ಸೇಫ್‌ಲೈಟ್ ಆರಿಸಿ ಪೂರಾ ಕತ್ತಲಿನಾಗ ಮಾಡಿದ್ರೂ ಹಂಗೇ, ಅಂದ್ರ ಬೆಳಕು ಸೋರಿದ್ದಲ್ಲ. ಡೆವಲಪರಿಗೆ ಪೊಟ್ಯಾಸಿಯಂ ಬ್ರೋಮೈಡ್ ಹೆಚ್ಚು ಹಾಕಿದ್ರ ಫಾಗ್ ಇಳೀತದ, ಅದರ ಜೋಡಿ ಸ್ಪೀಡೂ ಇಳೀತದ. ಬಂಗಾರ ಅರ್ಧ ಮಾಡಿದ್ರ ಕಮ್ಮಿ ಆಗ್ತದ, ಪೂರಾ ಹೋಗಂಗಿಲ್ಲ. ಬಂಗಾರದ ದ್ರಾವಣ ತುಟ್ಟಿ, ಕಣ್ಣುಮುಚ್ಚಿ ಸುರಿಯೋಕಾಗಲ್ರಿ.

ಗೋಲ್ಡ್ ಸೆನ್ಸಿಟೈಸೇಷನ್ (ಬಂಗಾರದ ಉಪ್ಪಿನಿಂದ ಸ್ಪೀಡ್ ಏರಿಸೋದು) ಕೈಯಾರೆ ಮಾಡಿದವ್ರು ಇಷ್ಟು ಹೇಳ್ರಿ: ಬಂಗಾರ ಹೈಪೋ ಜೊತೀಗೇ ಹಾಕಿ ಬಿಸಿ ಇಡೋ ಹೊತ್ತು ಕಡಿಮೆ ಮಾಡ್ಬೇಕೋ, ಇಲ್ಲಾ ಗಂಧಕದ ಕೆಲಸ ಮುಗಿಯೋ ಹೊತ್ತಿಗೆ, ಕೊನೀ 10-15 ನಿಮಿಷದಾಗ ಹಾಕ್ಬೇಕೋ? ಹಂಗ ಹಾಕಿದ್ರ ಹೈಪೋನೂ ಕಡಿಮೆ ಮಾಡ್ಬೇಕೇನು?