ಹನ್ನೊಂದು ಆಸ್ಪತ್ರೆಗೆ ರೆಸ್ಯೂಮೆ ಕೊಟ್ಟೆ, ಬಂದಿದ್ದು ಒಂದೇ ಫೋನು. ಎಲ್ಲಿ ತಪ್ಪಿದ್ದೇನೆ?

ದಾವಣಗೆರೆ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಮಾಡಿದವಳು. 2018ರಲ್ಲಿ ಕೋರ್ಸ್ ಮುಗೀತು. ದಾವಣಗೆರೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಮೂರೂವರೆ ವರ್ಷ ಸ್ಟಾಫ್ ನರ್ಸ್ ಆಗಿದ್ದೆ. 60 ಬೆಡ್ ಇತ್ತು. 2022ರ ಮಾರ್ಚ್‌ನಲ್ಲಿ ಹೆರಿಗೆಗೆ ಅಂತ ಬಿಟ್ಟವಳು ಮತ್ತೆ ಹೋಗಲೇ ಇಲ್ಲ. ಈಗ ನಮ್ಮನೆಯವರಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿದೆ, ಬೆಂಗಳೂರಿಗೆ ಬಂದಿದ್ದೇವೆ. ಮಗಳು ನರ್ಸರಿಗೆ ಹೋಗುತ್ತಾಳೆ. ಒಬ್ಬರ ಸಂಬಳದಲ್ಲಿ ಬಾಡಿಗೆ ಕಟ್ಟಿ ಮನೆ ನಡೆಸುವುದು ಕಷ್ಟ.

ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟು ರೆಸ್ಯೂಮೆ ಮಾಡಿಸಿದೆ. ಮೊದಲಿಗೆ ಆಬ್ಜೆಕ್ಟಿವ್ ಇದೆ, 'ಚಾಲೆಂಜಿಂಗ್ ಎನ್ವಿರಾನ್‌ಮೆಂಟ್‌ನಲ್ಲಿ ಕೆಲಸ ಮಾಡಲು' ಅಂತ ಶುರುವಾಗುತ್ತದೆ. ಆಮೇಲೆ ಎಸ್‌ಎಸ್‌ಎಲ್‌ಸಿಯಿಂದ ಮಾರ್ಕ್ಸ್ ಟೇಬಲ್. ಅನುಭವದ ಜಾಗದಲ್ಲಿ ಒಂದೇ ಸಾಲು: ಸ್ಟಾಫ್ ನರ್ಸ್, ಜನರಲ್ ವಾರ್ಡ್, ಆಗಸ್ಟ್ 2018ರಿಂದ ಮಾರ್ಚ್ 2022. ಅದರ ಕೆಳಗೆ ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್. ಎರಡನೇ ಪುಟದಲ್ಲಿ ಅಪ್ಪನ ಹೆಸರು, ಧರ್ಮ, ಎತ್ತರ, ತೂಕ, ಹಾಬಿ. ನನ್ನ ಹಾಬಿ ಏನು ಅಂತ ಅಂಗಡಿಯವನು ಕೇಳಲೇ ಇಲ್ಲ, ಅವನೇ 'ಗಾರ್ಡನಿಂಗ್' ಅಂತ ಹಾಕಿದ್ದಾನೆ. ನಮ್ಮದು ಮೂರನೇ ಮಹಡಿಯ ಒಂದು ರೂಮಿನ ಮನೆ!

ಫೋನ್ ಮಾಡಿದ ಒಬ್ಬರೂ "ಮೂರು ವರ್ಷ ಗ್ಯಾಪ್ ಇದೆಯಲ್ಲಮ್ಮ" ಅಂದು ಇಟ್ಟುಬಿಟ್ಟರು. ಐಸಿಯು ಅನುಭವ ನನಗಿಲ್ಲ. ಅದಕ್ಕೇ ಯಾರೂ ಕರೆಯುತ್ತಿಲ್ಲವಾ?

ಬ್ರದರ್ ಹುಬ್ಬಳ್ಳಿ:

ಸಿಸ್ಟರ್, ಆ ಎರಡನೇ ಪುಟ ಹರಿದು ಒಗೀರಿ. ಫೋನಿನಲ್ಲೇ ಚೆಂದದ ಡಿಸೈನ್ ಸಿಗುತ್ತವೆ. ಪಕ್ಕದಲ್ಲಿ ನೀಲಿ ಪಟ್ಟಿ, ದುಂಡಗಿನ ಫೋಟೊ, ಸ್ಕಿಲ್‌ಗೆ ಸ್ಟಾರ್ ಹಾಕಬಹುದು. ನಾನು ಡಯಾಲಿಸಿಸ್‌ಗೆ ಹಾಕಿದಾಗ ಹಂಗೇ ಮಾಡಿದ್ದೆ.

ನೈಟ್ ಇನ್‌ಚಾರ್ಜ್:

ಬ್ರದರ್, ನಿಮಗೆ ಕೆಲಸ ಸಿಕ್ಕಿದ್ದು ಡಯಾಲಿಸಿಸ್ ಬರುತ್ತಿತ್ತು ಅಂತ, ನೀಲಿ ಪಟ್ಟಿಗಲ್ಲ. ಬೇಜಾರಾಗಬೇಡಿ. ಡ್ರಿಪ್‌ಗೆ ಕ್ಯಾನುಲಾ ಹಾಕುವುದಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಅಂದರೆ ನಾನು ಏನಂತ ತಿಳಿದುಕೊಳ್ಳಲಿ? ಐದನೇ ಪೇಷಂಟ್‌ಗೆ ಕೈ ಊದಿಸುತ್ತೀರಿ ಅಂತಲಾ?

ದಾವಣಗೆರೆ ಸಿಸ್ಟರ್, ನಾನು ಬೆಂಗಳೂರಲ್ಲೇ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಈಗ ಇಂಟರ್‌ವ್ಯೂ ಮೇಜಿನ ಈ ಕಡೆ ಕೂರುತ್ತೇನೆ. ಎಚ್‌ಆರ್‌ನವರು ನಲವತ್ತು ರೆಸ್ಯೂಮೆ ತಂದು ಇಡುತ್ತಾರೆ, ನಾನು ರೌಂಡ್ಸ್ ಮಧ್ಯೆ ನೋಡುತ್ತೇನೆ. ಒಂದೊಂದಕ್ಕೆ ಅರ್ಧ ನಿಮಿಷ ಸಿಕ್ಕರೆ ಜಾಸ್ತಿ. ನಲವತ್ತರಲ್ಲಿ ಮೂವತ್ತೈದು ಜನ ಹಾರ್ಡ್ ವರ್ಕಿಂಗ್ ಆಗಿರುತ್ತಾರೆ. ನನಗೆ ಬೇಕಾಗಿರುವುದು ಅದಲ್ಲ. ನಾಳೆ ರಾತ್ರಿ ಇವರನ್ನು ಯಾವ ವಾರ್ಡಿನಲ್ಲಿ ಧೈರ್ಯವಾಗಿ ಬಿಡಬಹುದು, ಅಷ್ಟೇ.

ಮೊದಲು ನಾನು ಹುಡುಕುವುದು ರಿಜಿಸ್ಟ್ರೇಷನ್. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಆರ್‌ಎನ್ ಆರ್‌ಎಂ (ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್) ನಂಬರ್ ನಿಮ್ಮ ಹೆಸರಿನ ಕೆಳಗೇ ಇರಬೇಕು, ರಿನ್ಯೂವಲ್ ಎಲ್ಲಿಯವರೆಗೆ ಇದೆ ಅನ್ನುವುದರ ಜೊತೆಗೆ. ಎನ್‌ಎಬಿಎಚ್ (ಗುಣಮಟ್ಟದ ಮಾನ್ಯತೆ) ಇರುವ ಆಸ್ಪತ್ರೆ ಪ್ರತಿಯೊಬ್ಬ ನರ್ಸ್‌ನ ರಿಜಿಸ್ಟ್ರೇಷನ್, ಸರ್ಟಿಫಿಕೇಟ್ ಪರಿಶೀಲಿಸಿ ಫೈಲ್ ಇಡಬೇಕು. ಆಡಿಟ್‌ನಲ್ಲಿ ಅದನ್ನು ತೆಗೆದು ನೋಡುತ್ತಾರೆ. ಹಾಗಾಗಿ ನಂಬರ್ ಕಾಣದ ರೆಸ್ಯೂಮೆಯನ್ನು ಎಚ್‌ಆರ್‌ನವರು ನನ್ನ ತನಕ ತರುವುದೇ ಇಲ್ಲ. ನೀವು ಮನೆಯಲ್ಲಿದ್ದ ವರ್ಷಗಳಲ್ಲಿ ರಿನ್ಯೂವಲ್ ತಪ್ಪಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಅರ್ಜಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಎನ್‌ಯುಐಡಿ, ಅಂದರೆ ನರ್ಸ್‌ಗಳ ಗುರುತಿನ ಸಂಖ್ಯೆ, ಸಿಕ್ಕಿದ್ದರೆ ಅದನ್ನೂ ಪಕ್ಕದಲ್ಲಿ ಹಾಕಿ.

ಗ್ಯಾಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮುಚ್ಚಿಡಲೂ ಬೇಡಿ. 'ಏಪ್ರಿಲ್ 2022ರಿಂದ: ಮಗುವಿನ ಆರೈಕೆ' ಅಂತ ಒಂದು ಸಾಲು ಸಾಕು, ಕಾರಣ ಬೆಳೆಸಬೇಡಿ. ಅದರ ಕೆಳಗೇ ಈ ವರ್ಷ ಮಾಡಿದ ಬಿಎಲ್‌ಎಸ್ (ಹೃದಯ, ಉಸಿರು ನಿಂತವರಿಗೆ ಮಾಡುವ ತುರ್ತು ಆರೈಕೆ) ಸರ್ಟಿಫಿಕೇಟ್ ಇದ್ದರೆ ಗ್ಯಾಪ್ ಅರ್ಧ ತುಂಬಿದ ಹಾಗೆ. ಒಂದು ದಿನದ ತರಬೇತಿ ಅದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್ ಆದರೆ ಎರಡು ವರ್ಷ ನಡೆಯುತ್ತದೆ. ಮುಗಿಯುವ ತಿಂಗಳನ್ನೂ ಬರೆಯಿರಿ, ಇಲ್ಲದಿದ್ದರೆ ಹಳೆಯದು ಅಂತಲೇ ನಾವು ಅಂದುಕೊಳ್ಳುತ್ತೇವೆ.

ಇನ್ನು ಆ ಒಂದು ಸಾಲು, 'ಸ್ಟಾಫ್ ನರ್ಸ್, ಜನರಲ್ ವಾರ್ಡ್'. 60 ಬೆಡ್‌ನ ನರ್ಸಿಂಗ್ ಹೋಮ್‌ನಲ್ಲಿ ಯಾರೂ ಮೂರೂವರೆ ವರ್ಷ ಬರೀ ಜನರಲ್ ವಾರ್ಡ್ ಮಾಡಿರುವುದಿಲ್ಲ. ಅಲ್ಲಿ ಬೆಳಿಗ್ಗೆ ವಾರ್ಡ್, ಮಧ್ಯಾಹ್ನ ಆಪರೇಷನ್ ಥಿಯೇಟರ್, ರಾತ್ರಿ ಲೇಬರ್ ರೂಮ್. ಅಲ್ವಾ? ಇಷ್ಟು ಹೇಳಿ: ರಾತ್ರಿ ಪಾಳಿಯಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಪೇಷಂಟ್? ಹೆರಿಗೆ ಆಗುತ್ತಿತ್ತಾ? ಯಾವ ಮಷೀನ್ ಮುಟ್ಟಿದ್ದೀರಿ? 2021ರ ಎರಡನೇ ಅಲೆಯಲ್ಲಿ ಎಲ್ಲಿದ್ದಿರಿ?

ದಾವಣಗೆರೆ ಸಿಸ್ಟರ್:

ಮೇಡಂ, ನೀವು ಕೇಳಿದ್ದು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇವನ್ನೆಲ್ಲ ಬರೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ರಾತ್ರಿ ನಾನೂ ಒಬ್ಬ ಆಯಾನೂ, 22 ಪೇಷಂಟ್. ಹೆರಿಗೆ ತಿಂಗಳಿಗೆ 30ರ ಹತ್ತಿರ. ಲೇಬರ್ ರೂಮಿನಲ್ಲಿ ಎಂಟು ತಿಂಗಳು ಇದ್ದೆ. ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ತೋರಿಸುವ ಚಾರ್ಟ್, ಪಾರ್ಟೋಗ್ರಾಫ್, ನಾನೇ ಬರೆಯುತ್ತಿದ್ದೆ. ಡಾಕ್ಟರ್ ಮನೆಯಿಂದ ಬರುವಷ್ಟರಲ್ಲಿ ಮಗು ಬಂದು, ನಾನೇ ಹಿಡಿದಿದ್ದು ನಾಲ್ಕೈದು ಸಲ. ಸಿಜೇರಿಯನ್ ಆದವರ ಪೋಸ್ಟಾಪ್ (ಆಪರೇಷನ್ ನಂತರದ ಆರೈಕೆ) ಒಂದು ವರ್ಷ ನೋಡಿಕೊಂಡಿದ್ದೇನೆ. ಸಿರಿಂಜ್ ಪಂಪ್, ಮಲ್ಟಿಪ್ಯಾರಾ ಮಾನಿಟರ್, ಬೇಬಿ ವಾರ್ಮರ್, ಫೋಟೋಥೆರಪಿ ಬರುತ್ತವೆ.

2021ರಲ್ಲಿ ನಮ್ಮಲ್ಲಿ 20 ಬೆಡ್ ಕೋವಿಡ್‌ಗೆ ಕೊಟ್ಟಿದ್ದರು. ಮೇ ತಿಂಗಳು ಪೂರ್ತಿ ಅಲ್ಲೇ ಇದ್ದೆ. ಪಿಪಿಇ ಒಳಗೆ ಬೆವರಿ ಕನ್ನಡಕ ಮಂಜಾಗಿ ಸ್ಯಾಚುರೇಷನ್ ಓದಲಿಕ್ಕೂ ಆಗುತ್ತಿರಲಿಲ್ಲ. ಜಂಬೋ ಸಿಲಿಂಡರ್ ಬದಲಾಯಿಸುವುದು ಕಲಿತೆ. ಪೇಷಂಟ್‌ಗಳನ್ನು ಮಗ್ಗುಲಾಗಿಸಿ ಹೊಟ್ಟೆ ಮೇಲೆ ಮಲಗಿಸುತ್ತಿದ್ದೆವು (ಪ್ರೋನಿಂಗ್). ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಷೀನ್ ಎರಡಿತ್ತು, ಹಚ್ಚಿ ನೋಡಿಕೊಳ್ಳುತ್ತಿದ್ದೆ. ಹಾಗಾದರೆ ವೆಂಟಿಲೇಟರ್ ಅನುಭವ ಅಂತ ಹಾಕಬಹುದಾ?

ನೈಟ್ ಇನ್‌ಚಾರ್ಜ್:

ಖಂಡಿತ ಬೇಡ. ಬೈಪ್ಯಾಪ್ ಅಂತಲೇ ಹಾಕಿ. ಕಳೆದ ತಿಂಗಳು ಒಬ್ಬ ಹುಡುಗಿ 'ಎಬಿಜಿ ಇಂಟರ್‌ಪ್ರಿಟೇಷನ್', ಅಂದರೆ ರಕ್ತದ ಅನಿಲಗಳ ವರದಿ ಓದಿ ಹೇಳುವುದು, ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಪಿಎಚ್ 7.2, ಕಾರ್ಬನ್ ಡೈ ಆಕ್ಸೈಡ್ 60 ಅಂತ ಚೀಟಿ ಕೊಟ್ಟು ಏನಮ್ಮ ಇದು ಅಂದೆ. ಪಾಪ, ಕಣ್ಣಲ್ಲಿ ನೀರೇ ಬಂತು. ಬರೆಯದೇ ಇದ್ದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ಅವಳ ವಾರ್ಡ್ ಕೆಲಸ ಚೆನ್ನಾಗಿಯೇ ಇತ್ತು. ರೆಸ್ಯೂಮೆಯಲ್ಲಿ ಬರೆದದ್ದೇ ಇಂಟರ್‌ವ್ಯೂನ ಪ್ರಶ್ನೆಪತ್ರಿಕೆ ಅಂತ ತಿಳಿದುಕೊಳ್ಳಿ.

ಈಗ ನಿಮ್ಮ ಅನುಭವದ ಭಾಗ ಹೀಗಿರಲಿ, ಇಂಗ್ಲಿಷ್‌ಗೆ ನೀವೇ ಹಾಕಿಕೊಳ್ಳಿ, ಸರಳ ಇಂಗ್ಲಿಷ್ ಸಾಕು:

"60 ಬೆಡ್ ನರ್ಸಿಂಗ್ ಹೋಮ್, ದಾವಣಗೆರೆ. ಲೇಬರ್ ರೂಮ್ 8 ತಿಂಗಳು: ತಿಂಗಳಿಗೆ ಸುಮಾರು 30 ಹೆರಿಗೆ, ಪಾರ್ಟೋಗ್ರಾಫ್, ನಾರ್ಮಲ್ ಡೆಲಿವರಿಗೆ ಸಹಾಯ, ಹುಟ್ಟಿದ ಮಗುವಿನ ತಕ್ಷಣದ ಆರೈಕೆ, ಅಪ್ಗಾರ್ ಸ್ಕೋರ್ (ಮಗುವಿನ ಸ್ಥಿತಿಯ ಅಂಕ). ಪೋಸ್ಟಾಪ್ 12 ತಿಂಗಳು: ಸಿಜೇರಿಯನ್ ಆದವರ ಆರೈಕೆ, ರಕ್ತಸ್ರಾವದ ಮೇಲೆ ನಿಗಾ. ಜನರಲ್ ವಾರ್ಡ್: ರಾತ್ರಿ ಪಾಳಿಯಲ್ಲಿ 22 ಪೇಷಂಟ್‌ಗೆ ಒಬ್ಬಳೇ ಸ್ಟಾಫ್ ನರ್ಸ್. ಕೋವಿಡ್ ವಾರ್ಡ್, ಮೇ 2021: 20 ಬೆಡ್, ಆಕ್ಸಿಜನ್ ಥೆರಪಿ, ಪ್ರೋನಿಂಗ್, ಬೈಪ್ಯಾಪ್ ಪೇಷಂಟ್‌ಗಳ ಆರೈಕೆ."

ಇದನ್ನು ನೋಡಿದರೆ ನಾನೇ ಫೋನ್ ಮಾಡುತ್ತೇನೆ. ಐಸಿಯು ಇಲ್ಲ ಅಂತ ಕೊರಗುತ್ತಿದ್ದಿರಲ್ಲ, ನೀವು ಹೋಗಬೇಕಾದ ಜಾಗ ಐಸಿಯು ಅಲ್ಲವೇ ಅಲ್ಲ. ತಾಯಿ-ಮಗುವಿನ ಆಸ್ಪತ್ರೆಗಳಿಗೆ ಹಾಕಿ. ಹೆಸರಿನ ಕೆಳಗೆ ಆಬ್ಜೆಕ್ಟಿವ್ ತೆಗೆದು 'ಲೇಬರ್ ರೂಮ್ ಮತ್ತು ಪೋಸ್ಟಾಪ್ ನರ್ಸ್' ಅಂತ ಬರೆಯಿರಿ. 'ಯಾವ ವಾರ್ಡ್ ಕೊಟ್ಟರೂ ಸರಿ' ಅನ್ನುವವರನ್ನು ಕೊನೆಗೆ ಯಾವ ವಾರ್ಡ್‌ನವರೂ ಕೇಳುವುದಿಲ್ಲ.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕೊನೆಗೆ ಹಾಕಿ. ಧರ್ಮ, ತೂಕ ಯಾರಿಗೂ ಬೇಡ. ಭಾಷೆ ಮಾತ್ರ ಬಿಡಬೇಡಿ. ಕನ್ನಡ, ಜೊತೆಗೆ ಸ್ವಲ್ಪ ಹಿಂದಿಯೋ ತೆಲುಗೋ ಬಂದರೆ ಬರೆಯಿರಿ. ನಮ್ಮ ವಾರ್ಡಿನಲ್ಲಿ ಹಳ್ಳಿಯಿಂದ ಬಂದ ಅಜ್ಜಿಗೆ ಕನ್ನಡದಲ್ಲಿ "ಎಲ್ಲಿ ನೋವು" ಅಂತ ಕೇಳುವವರೇ ಕಡಿಮೆಯಾಗಿದ್ದಾರೆ. ಪಿಡಿಎಫ್ ಮಾಡಿ ಕಳಿಸಿ, ಫೋನಲ್ಲಿ ಫೋಟೊ ಹೊಡೆದು ವಾಟ್ಸಾಪ್ ಮಾಡಬೇಡಿ. ಅಂಥವು ವಾರಕ್ಕೆ ಎರಡಾದರೂ ಬರುತ್ತವೆ, ಒಂದರಲ್ಲಿ ಬೆರಳೂ ಬಂದಿತ್ತು.

ರಿಯಾದ್ ಅಕ್ಕ:

ತಂಗಿ, ಒಂದು ಮಾತು. ರೆಸ್ಯೂಮೆಯ ತಾರೀಖು ಮತ್ತು ಎಕ್ಸ್‌ಪೀರಿಯನ್ಸ್ ಲೆಟರ್‌ನ ತಾರೀಖು ಒಂದೇ ಇದೆಯಾ ನೋಡಿದ್ದೀಯಾ? ನಾನು ಸೌದಿಗೆ ಬರುವಾಗ ದಾಖಲೆ ಪರಿಶೀಲಿಸುವ ಡೇಟಾಫ್ಲೋ ಕಂಪನಿಯವರು ನನ್ನ ಹಳೆಯ ಆಸ್ಪತ್ರೆಗೇ ಬರೆದು ಕೇಳಿದರು. ನಾನು ಜೂನ್ ಅಂತ ಹಾಕಿದ್ದೆ, ಅವರ ರಿಜಿಸ್ಟರಿನಲ್ಲಿ ಜುಲೈ ಇತ್ತು. ಅದೊಂದು ತಿಂಗಳಿಗೆ ನನ್ನ ಫೈಲ್ ನಿಂತುಬಿಟ್ಟಿತ್ತು. ನಿನಗೆ ಈಗ ಹೊರದೇಶದ ಯೋಚನೆ ಇಲ್ಲದಿರಬಹುದು, ಆದರೆ ಕಾಗದ ಇವತ್ತೇ ಸರಿ ಇರಲಿ.

ಬ್ರದರ್ ಹುಬ್ಬಳ್ಳಿ:

ಸರ್ಕಾರಿ ಕೆಲಸಕ್ಕೂ ಇದೇ ರೆಸ್ಯೂಮೆ ನಡೆಯುತ್ತದಾ ಮೇಡಂ? ನಾನೂ ಜಿಎನ್‌ಎಂ. ಏಮ್ಸ್‌ಗೆ ಹಾಕಬೇಕು ಅಂತಿದ್ದೇನೆ.

ನೈಟ್ ಇನ್‌ಚಾರ್ಜ್:

ಅಲ್ಲಿ ರೆಸ್ಯೂಮೆ ಯಾರು ಕೇಳುತ್ತಾರೆ ಬ್ರದರ್, ಏಮ್ಸ್‌ಗೆ ನರ್ಸ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆ ಬರೆಯಬೇಕು. ಆದರೆ ಜಿಎನ್‌ಎಂ ಮಾಡಿದವರಿಗೆ ಕನಿಷ್ಠ 50 ಬೆಡ್‌ನ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ. ಆದ್ದರಿಂದ ಬೆಡ್ ಎಷ್ಟು ಅನ್ನುವುದು ಲೆಟರಿನಲ್ಲೇ ಇದ್ದರೆ ಒಳ್ಳೆಯದು. ದಾವಣಗೆರೆ ಸಿಸ್ಟರ್, ಇದು ನಿಮಗೂ.

ದಾವಣಗೆರೆ ಸಿಸ್ಟರ್:

ಅಕ್ಕ, ನೀವು ಹೇಳಿದ ಮೇಲೆ ಬೀರು ತೆಗೆದು ಲೆಟರ್ ನೋಡಿದೆ. ನವೆಂಬರ್ 2018ರಿಂದ ಅಂತಿದೆ. ನಾನು ಸೇರಿದ್ದು ಆಗಸ್ಟ್‌ನಲ್ಲೇ. ಮೊದಲ ಮೂರು ತಿಂಗಳು ಟ್ರೇನಿ ಅಂತ ಅವರು ಲೆಕ್ಕಕ್ಕೇ ಹಿಡಿದಿಲ್ಲ! ಅರ್ಧ ಸಂಬಳ ಕೊಟ್ಟಿದ್ದೂ ಆವಾಗಲೇ. ಲೆಟರಿನಲ್ಲಿ ಬೆಡ್ ಸಂಖ್ಯೆ ಇಲ್ಲ, ಲೇಬರ್ ರೂಮ್ ಹೆಸರೂ ಇಲ್ಲ. 'ಶೀ ಬೇರ್ಸ್ ಎ ಗುಡ್ ಕ್ಯಾರೆಕ್ಟರ್' ಅಂತ ಮಾತ್ರ ಇದೆ.

ರಿಜಿಸ್ಟ್ರೇಷನ್ ರಿನ್ಯೂವಲ್ ಕೂಡ ಬಾಕಿ ಇದೆ ಮೇಡಂ, ಅದನ್ನು ಸೋಮವಾರ ಶುರು ಮಾಡುತ್ತೇನೆ. ಶನಿವಾರ ಮಗಳನ್ನು ಕರೆದುಕೊಂಡು ದಾವಣಗೆರೆಗೆ ಹೋಗುತ್ತಿದ್ದೇನೆ, ಹೇಗೂ ಅಮ್ಮನ ಮನೆ ಅಲ್ಲೇ. ಟ್ರೇನಿ ತಿಂಗಳು ಸೇರಿಸಲ್ಲ ಅಂದರೆ ಏನು ಮಾಡಲಿ?

ನೈಟ್ ಇನ್‌ಚಾರ್ಜ್:

ಜಗಳ ಮಾಡಬೇಡಿ. ರೆಸ್ಯೂಮೆಯಲ್ಲಿ ನವೆಂಬರ್ ಅಂತಲೇ ತಿದ್ದಿ. ಮೂರು ತಿಂಗಳು ಹೋದರೆ ಹೋಯಿತು, ಎರಡು ವರ್ಷಕ್ಕಿಂತ ಹೇಗೂ ಜಾಸ್ತಿ ಇದೆ. ಬೆಡ್ ಸಂಖ್ಯೆ ಮತ್ತು ಲೇಬರ್ ರೂಮ್, ಇವೆರಡನ್ನು ಮಾತ್ರ ಹಾಕಿಸಿಕೊಳ್ಳದೆ ಬಸ್ ಹತ್ತಬೇಡಿ. ಲೆಟರ್‌ಹೆಡ್‌ನಲ್ಲಿ, ಸೀಲ್ ಸಮೇತ. ಗಾರ್ಡನಿಂಗ್ ತೆಗೆದಿರಿ ತಾನೇ?