ಸಹಾಯ ಬೇಕು: ಉಪ್ಪುನೀರಿನ ಪೂಲ್‌ನ ಕ್ಲೋರಿನೇಟರ್ ಸರಿಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅಲ್ಲಿರುವ ಚಿಕ್ಕ ಉಪ್ಪುನೀರಿನ ಪೂಲ್‌ನ ಕ್ಲೋರಿನೇಟರ್ (ನೀರಿನಲ್ಲಿರುವ ಉಪ್ಪಿನಿಂದಲೇ ಕ್ಲೋರಿನ್ ಮಾಡುವ ಮೆಷಿನ್) ಮಳೆಗಾಲ ಮುಗಿದ ಮೇಲೆ ಕೈಕೊಟ್ಟಿದೆ. ‘ಉಪ್ಪು ಕಡಿಮೆ’ ಅನ್ನುವ ದೀಪ ಆರುವುದೇ ಇಲ್ಲ. ನೀರು ಹಸಿರಾಗತೊಡಗಿದೆ.

ಕೊಡಗಿನ ಮಳೆ ಗೊತ್ತಲ್ವಾ, ಪೂಲ್ ತುಂಬಿ ಹರಿದು ಉಪ್ಪೆಲ್ಲ ಹೋಗಿಬಿಡುತ್ತದೆ. ಹಾಗಾಗಿ ಮೊದಲು ಉಪ್ಪೇ ಹಾಕಿದೆವು. ಸ್ಟ್ರಿಪ್‌ನಲ್ಲಿ ಈಗ ಉಪ್ಪು 3200 ಪಿಪಿಎಂ (ಹತ್ತು ಲಕ್ಷ ಪಾಲಿಗೆ 3200 ಪಾಲು) ಬರುತ್ತಿದೆ, ನಮ್ಮ ಮೆಷಿನ್‌ಗೆ ಅಷ್ಟು ಸಾಕು. ಪಿಎಚ್ 7.4. ಫಿಲ್ಟರ್, ಪಂಪ್ ಎರಡೂ ಚೆನ್ನಾಗಿವೆ.

ಕ್ಲೋರಿನ್ ತಯಾರಾಗುವ ಭಾಗ, ಅಂದರೆ ಸೆಲ್ ಬಿಚ್ಚಿ ನೋಡಿದರೆ ಪ್ಲೇಟ್‌ಗಳ ನಡುವೆ ಬಿಳಿ ಸುಣ್ಣದ ಪದರ. ಗ್ಲೌಸ್ ಹಾಕಿಕೊಂಡು, ನಾಲ್ಕು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದೆವು. ನೀರಿಗೇ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಗುಳ್ಳೆ ನಿಲ್ಲುವವರೆಗೆ ನೆನೆಸಿ ತೊಳೆದೆವು. ಕೆಲಸದ ಹುಡುಗ ಚಾಕು ತಂದು ಕೆರೆಯಲು ನಿಂತಿದ್ದ, ಸದ್ಯ ತಡೆದೆ! ಟೈಟಾನಿಯಂ ಮೇಲಿನ ಲೇಪ ಹೋದರೆ ಸೆಲ್ ಕಥೆ ಮುಗಿದಂತೆ. ಈಗ ಪ್ಲೇಟ್ ಏನೋ ಫಳಫಳ, ದೀಪ ಮಾತ್ರ ಹಾಗೇ ಇದೆ.

ನೀರು ತಣ್ಣಗಾದರೂ ಈ ಮೆಷಿನ್‌ಗಳು ಉಪ್ಪನ್ನು ಕಡಿಮೆ ತೋರಿಸುತ್ತವೆ, ತೀರಾ ತಣ್ಣಗಾದರೆ ಕ್ಲೋರಿನ್ ಮಾಡುವುದನ್ನೇ ನಿಲ್ಲಿಸುತ್ತವೆ. ಆದರೆ ಮಧ್ಯಾಹ್ನ 22 ಡಿಗ್ರಿ ಇದ್ದಾಗಲೂ ಇದೇ ಪಾಡು.

ಸೆಲ್ ಆಯಸ್ಸು ಮುಗಿದಿದೆಯಾ ಅಥವಾ ಉಪ್ಪು ಅಳೆಯುವ ಸೆನ್ಸರ್ ಕೆಟ್ಟಿದೆಯಾ ಅಂತ ಮನೆಯಲ್ಲೇ ಪತ್ತೆ ಮಾಡುವುದು ಹೇಗೆ? ಮಾರಿದವರು ಬಂದು ನೋಡದೆ ಸುಮ್ನೆ ‘ಹೊಸ ಸೆಲ್ ಹಾಕಿಸಿ’ ಅನ್ನುತ್ತಾರೆ. ಅದರ ಬೆಲೆ ಜಾಸ್ತಿ. ಕುಶಾಲನಗರ, ಮೈಸೂರು ಕಡೆ ರಿಪೇರಿ ಬಲ್ಲವರಿದ್ದರೆ ದಯವಿಟ್ಟು ತಿಳಿಸಿ.